ಫಿಟ್ಟರ್ ಮೇಷ್ಟ್ರ ಪ್ಲಸ್ ಸಿ

ಕಾಲೇಜಿನ ಬೆಂಚು ಮಾಡಿಸುವವರು ಹದಿನೆಂಟು ವರ್ಷದ ಹೊಟ್ಟೆಯನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಅಳತೆ ಕೊಡುತ್ತಾರೆ ಎಂಬ ಸತ್ಯ ನನಗೆ ಹೊಳೆದದ್ದು ನನ್ನ ನಲವತ್ತಮೂರನೇ ವಯಸ್ಸಿನಲ್ಲಿ, ಅಂಥದ್ದೊಂದು ಬೆಂಚಿಗೂ ಅದರ ಮುಂದಿನ ಡೆಸ್ಕಿಗೂ ನಡುವೆ ಸಿಕ್ಕಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದಾಗ. ಯಾರಪ್ಪಾ ಈ ಅಳತೆ ಕೊಟ್ಟ ಮಹಾನುಭಾವ ಎಂದು ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಆ ಬೆಂಚುಗಳ ಕಬ್ಬಿಣದ ಕಾಲುಗಳನ್ನು ಬೆಸೆದದ್ದು ನಮ್ಮ ವರ್ಕ್‌ಶಾಪಿನಲ್ಲೇ. ‘ಇನ್ನೊಂದೆರಡು ಇಂಚು ಜಾಗ ಬಿಡೋಣೇನ್ರಿ ಸರ್?’ ಎಂದು ವೆಲ್ಡರ್ ಕೇಳಿದಾಗ ‘ಹುಡುಗ್ರಿಗೆ ಎಷ್ಟು ಬೇಕು ಬಿಡಪ್ಪ, ಆರಾಮಾಗಿ ಕೂಡ್ರಿಸಿದ್ರೆ ನಿದ್ದೆ ಹೊಡೀತಾರೆ’ ಎಂದವನು ಬೇರೆ ಯಾರೂ ಅಲ್ಲ, ನಾನೇ. ಆವತ್ತು ಮುಂದೊಂದು ದಿನ ಅದರ ಮೇಲೆ ನಾನೇ ಕೂರುತ್ತೇನೆಂದು ಗೊತ್ತಿದ್ದರೆ ನಾಲ್ಕಿಂಚು ಬಿಡಿಸುತ್ತಿದ್ದೆ.

ನಾನು ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಇನ್‌ಸ್ಟ್ರಕ್ಟರ್. ಹೆಸರು ಹಾಲೇಶಪ್ಪ, ಊರು ಹರಿಹರ. ಮೊದಲ ವರ್ಷದ ಹುಡುಗ ಹುಡುಗಿಯರ ಕೈಗೆ ಅರ ಕೊಟ್ಟು, ವೈಸಿನಲ್ಲಿ ಕಬ್ಬಿಣದ ತುಂಡು ಕಚ್ಚಿಸಿ, ‘ಉಜ್ರಿ’ ಎನ್ನುವುದು ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಅದನ್ನೇ ಅನ್ನುತ್ತಾ ಬಂದಿದ್ದೇನೆ. ನನ್ನ ಓದು ಡಿಪ್ಲೊಮಾಕ್ಕೆ ನಿಂತಿತ್ತು, ನಿಂತದ್ದರ ಬಗ್ಗೆ ನನಗೇನೂ ದುಃಖ ಇರಲಿಲ್ಲ. ಆದರೆ ನಮ್ಮ ಫೋರ್‌ಮನ್ನರು ಇನ್ನು ಮೂರು ವರ್ಷಕ್ಕೆ ನಿವೃತ್ತರಾಗುತ್ತಾರೆ, ಆ ಕುರ್ಚಿಗೆ ಡಿಗ್ರಿ ಇದ್ದವರೇ ಬೇಕಂತೆ ಎಂಬ ಸುದ್ದಿ ಬಂತು. ಫೋರ್‌ಮನ್ ಕ್ಯಾಬಿನ್ನಿಗೆ ಗಾಜಿನ ಕಿಟಕಿ ಇದೆ, ತಲೆ ಮೇಲೆ ಫ್ಯಾನ್ ಇದೆ, ಕುರ್ಚಿಗೆ ಕೈ ಇದೆ. ಕೈಯಿಲ್ಲದ ಸ್ಟೂಲಿನ ಮೇಲೆ ಇಪ್ಪತ್ತು ವರ್ಷ ಕೂತವನಿಗೆ ಇವು ಮೂರೂ ಎಂಥ ಆಸೆ ಹುಟ್ಟಿಸುತ್ತವೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸದಲ್ಲಿರುವವರಿಗೆಂದೇ ನಮ್ಮ ಕಾಲೇಜಿನಲ್ಲೇ ಸಂಜೆ ಹೊತ್ತು ನಡೆಯುವ ಬಿ.ಇ. ತರಗತಿಗೆ ಸೇರಿಬಿಟ್ಟೆ.

ಡಿಪ್ಲೊಮಾ ಮಾಡಿದವರನ್ನು ನೇರ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆ. ಇದನ್ನು ಕೇಳಿ ನನ್ನ ಹೆಂಡತಿ ಗಿರಿಜಾ, ‘ಒಂದ್ ವರ್ಷ ಪುಕ್ಕಟೆ ಸಿಕ್ತಲ್ರೀ’ ಎಂದು ಖುಷಿಪಟ್ಟಳು. ಪುಕ್ಕಟೆ ಏನೂ ಇರಲಿಲ್ಲ. ಮೊದಲ ವರ್ಷದವರು ಓದುವ ಕ್ಯಾಲ್ಕುಲಸ್ ಅನ್ನು ನಾವು ಪ್ರತ್ಯೇಕವಾಗಿ ಓದಿ ಪಾಸು ಮಾಡಿಕೊಳ್ಳಬೇಕು, ಅದಾಗದೆ ಡಿಗ್ರಿ ಕೈಗೆ ಬರುವುದಿಲ್ಲ. ಉಳಿದ ವಿಷಯಗಳೆಲ್ಲ ಯಂತ್ರ, ಲೋಹ, ಶಾಖದ ಕುರಿತವು. ಅವುಗಳ ಜೊತೆ ನನ್ನ ಕೈ ಮೊದಲೇ ಪಳಗಿತ್ತು, ಪಾಸಾಗುತ್ತಾ ಹೋದೆ. ಕ್ಯಾಲ್ಕುಲಸ್ಸಿನಲ್ಲಿ ಮಾತ್ರ ಮೊದಲ ಸಲ ಇಪ್ಪತ್ತೆರಡು, ಎರಡನೇ ಸಲ ಇಪ್ಪತ್ತೇಳು, ಮೂರನೇ ಸಲ ಮೂವತ್ತೊಂದು. ಪಾಸಿಗೆ ನಲವತ್ತು ಬೇಕು. ಇದೇ ವೇಗದಲ್ಲಿ ಹೋದರೆ ಯಾವಾಗ ಪಾಸಾಗುತ್ತೇನೆಂದು ಲೆಕ್ಕ ಹಾಕಲು ಬೇಕಾದ ಗಣಿತ ಯಾವುದೋ, ಅದರಲ್ಲೇ ನಾನು ಫೇಲಾಗಿದ್ದೆ. ಅಷ್ಟರಲ್ಲಿ ಫೋರ್‌ಮನ್ನರ ನಿವೃತ್ತಿಗೆ ಉಳಿದದ್ದು ಆರೇ ತಿಂಗಳು, ನನಗೆ ಉಳಿದದ್ದು ಒಂದೇ ಪರೀಕ್ಷೆ. ಅದೂ ಹೋದರೆ ಕುರ್ಚಿಗೆ ಹೊರಗಿನವರನ್ನು ತಂದು ಕೂರಿಸುತ್ತೇವೆ ಎಂದು ಪ್ರಿನ್ಸಿಪಾಲರು ಬಹಳ ವಿನಯದಿಂದ ತಿಳಿಸಿದ್ದರು.

ಇತ್ತ ಗಿರಿಜಾ ತನ್ನ ತವರು ಕೊಕ್ಕನೂರಿನಲ್ಲಿ ನಾನು ಆಗಲೇ ಇಂಜಿನಿಯರ್ ಆಗಿಬಿಟ್ಟಿದ್ದೇನೆ ಎಂಬರ್ಥ ಬರುವ ಹಾಗೆ ಸುದ್ದಿ ಹಬ್ಬಿಸಿದ್ದಳು. ಅಲ್ಲಿಗೆ ಹೋದರೆ ಸಾಕು, ಯಾರಾದರೊಬ್ಬರು ಕೆಟ್ಟ ಪಂಪ್‌ಸೆಟ್ಟಿನ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿ, ‘ಇಂಜಿನಿಯರ್ ಅಳಿಯಂದ್ರು ಬಂದಾರೆ, ತೋರ್ಸ್‌ರಲೇ’ ಎನ್ನುವರು. ಪಂಪ್‌ಸೆಟ್ಟುಗಳೇನೋ ರಿಪೇರಿಯಾಗುತ್ತಿದ್ದವು, ಅದು ಬೇರೆ ಮಾತು. ಅದಕ್ಕೆ ಕ್ಯಾಲ್ಕುಲಸ್ ಬೇಕಾಗಿರಲಿಲ್ಲವಲ್ಲ.

ಈಗ ನಮ್ಮ ಗಣಿತದ ಮೇಡಂ ಬಗ್ಗೆ ಹೇಳಬೇಕು. ಅವರ ಹೆಸರು ಫರ್ಹಾನಾ. ವಯಸ್ಸು ಮೂವತ್ತರ ಆಸುಪಾಸು. ದಾವಣಗೆರೆಯದೇ ಆನೆಕೊಂಡದಲ್ಲಿ ತಗಡಿನ ಟ್ರಂಕು ಮಾಡುವ ಸಾಹೇಬರ ಮಗಳು. ಹನ್ನೆರಡು ವರ್ಷದ ಕೆಳಗೆ ಇದೇ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಇ.ಗೆ ಸೇರಿ, ನನ್ನ ಕೈಕೆಳಗೇ ಅರ ಹಿಡಿದ ಹುಡುಗಿ. ವರ್ಷ ಮುಗಿದ ಮೇಲೆ ಅದ್ಯಾಕೋ ಇಂಜಿನಿಯರಿಂಗ್ ಬಿಟ್ಟು ಬಿ.ಎಸ್ಸಿ. ಸೇರಿದಳೆಂದು ಕೇಳಿದ್ದೆ. ಆಮೇಲೆ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ನಮ್ಮ ಕಾಲೇಜಿಗೇ ಲೆಕ್ಚರರ್ ಆಗಿ ಬಂದರು. ಮೊದಲ ದಿನ ಸಂಜೆ ಅವರು ತರಗತಿಗೆ ಬಂದಾಗ ನಾನು ಗೌರವದಿಂದ ಎದ್ದು ನಿಲ್ಲಲು ಹೋದೆ, ಬೆಂಚು ಬಿಡಲಿಲ್ಲ. ನನ್ನನ್ನು ನೋಡಿ ಅವರೇ ಗಾಬರಿಯಾಗಿ, ‘ಸರ್, ನೀವ್ಯಾಕ ಏಳ್ತೀರಿ, ಕೂಡ್ರಿ ಕೂಡ್ರಿ’ ಎಂದರು. ‘ಪರವಾಗಿಲ್ಲ ಮೇಡಂ’ ಎಂದೆ. ಅಂದಿನಿಂದ ಅವರು ನನ್ನನ್ನು ಸರ್ ಎನ್ನುವುದು, ನಾನು ಅವರನ್ನು ಮೇಡಂ ಎನ್ನುವುದು ನಡೆದು ಬಂದಿದೆ. ಹಾಜರಿ ಕರೆಯುವಾಗ ಎಲ್ಲರ ಹೆಸರನ್ನೂ ಬೋಳಾಗಿ ಕರೆದು, ನನ್ನ ಸರದಿ ಬಂದಾಗ ‘ಹಾಲೇಶ್ ಸರ್’ ಎಂದು ಕರೆಯುವರು. ‘ಪ್ರೆಸೆಂಟ್ ಮೇಡಂ’ ಎನ್ನುವಾಗ ಪಕ್ಕದವರು ಕೆಮ್ಮುವರು.

ಮರ್ಯಾದೆ ಅಷ್ಟಕ್ಕೇ. ಲೆಕ್ಕದ ವಿಷಯಕ್ಕೆ ಬಂದರೆ ಮೇಡಂ ಕೂದಲೆಳೆಯಷ್ಟೂ ಬಿಡುವವರಲ್ಲ. ಡಿಫರೆನ್ಸಿಯೇಷನ್ ಹೇಗೋ ದಾಟಿದೆ. ಇಂಟಿಗ್ರೇಷನ್ ಬಂದಾಗ ಪ್ರತಿ ಉತ್ತರದ ಕೊನೆಗೂ ಒಂದು ‘ಪ್ಲಸ್ ಸಿ’ ಬರೆಯತೊಡಗಿದರು. ಏನಿದು ಎಂದು ಯಾರೋ ಕೇಳಿದ್ದಕ್ಕೆ, ‘ಕಾನ್‌ಸ್ಟಂಟ್. ಎಷ್ಟು ಅಂತ ಈಗ ಗೊತ್ತಿಲ್ಲ, ಆದ್ರೆ ಏನೋ ಒಂದು ಇರ್ಬಹುದು, ಅದಕ್ಕೆ ಜಾಗ ಬಿಡ್ಬೇಕು’ ಎಂದರು. ಆಹಾ, ಈ ಒಂದು ಮಾತು ನನಗೆ ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ, ತರಗತಿಯಲ್ಲಿ ತಲೆಯಾಡಿಸಿದವನು ನಾನೊಬ್ಬನೇ. ಫಿಟ್ಟರ್ ಕೆಲಸದಲ್ಲಿ ಐವತ್ತು ಮಿಲಿಮೀಟರ್ ತುಂಡು ಬೇಕಾದರೆ ಐವತ್ತಕ್ಕೇ ಕೊಯ್ಯುವುದಿಲ್ಲ. ಐವತ್ತೊಂದಕ್ಕೆ ಕೊಯ್ದು, ಆ ಒಂದು ಮಿಲಿಮೀಟರನ್ನು ಅರದಿಂದ ಉಜ್ಜಿ ತೆಗೆಯುತ್ತೇವೆ. ಅದಕ್ಕೆ ಅಲವೆನ್ಸ್ ಎನ್ನುತ್ತೇವೆ. ಗಣಿತದವರೂ ನಮ್ಮ ಹಾಗೆಯೇ, ಉಜ್ಜುವುದಕ್ಕೆ ಸ್ವಲ್ಪ ಬಿಟ್ಟುಕೊಂಡಿರುತ್ತಾರೆ, ಎಷ್ಟು ಬಿಡಬೇಕೆಂದು ಪಾಪ ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು ಎಂದುಕೊಂಡು ಮೊದಲ ಟೆಸ್ಟಿನಲ್ಲಿ ಎಲ್ಲ ಉತ್ತರಕ್ಕೂ ಪ್ಲಸ್ ಒಂದು ಬರೆದೆ. ಒಂದೆರಡು ದೊಡ್ಡ ಲೆಕ್ಕಗಳಿಗೆ, ತುಂಡು ದೊಡ್ಡದಿದೆಯಲ್ಲ ಎಂದು, ಪ್ಲಸ್ ಒಂದೂವರೆ ಬರೆದೆ.

ಮೇಡಂ ಉತ್ತರ ಪತ್ರಿಕೆ ಕೊಡುವಾಗ ನನ್ನದನ್ನು ಕೊನೆಗೆ ಉಳಿಸಿಕೊಂಡರು. ‘ಸರ್, ಈ ಒಂದು ಎಲ್ಲಿಂದ ಬಂತ್ರಿ?’ ಎಂದರು. ‘ಅಲವೆನ್ಸ್ ಮೇಡಂ’ ಎಂದೆ. ‘ಇದು?’ ಎಂದು ಒಂದೂವರೆಯ ಮೇಲೆ ಬೆರಳಿಟ್ಟರು. ‘ಅದು ಸ್ವಲ್ಪ ದಪ್ಪ ಜಾಬು’ ಎಂದೆ. ಅವರು ಮುಖವನ್ನು ಕಪ್ಪುಹಲಗೆಯ ಕಡೆ ತಿರುಗಿಸಿ ಎರಡು ನಿಮಿಷ ಹಾಗೇ ನಿಂತರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೇನೋ ಎಂದು ನನಗೆ ಬೇಜಾರಾಯಿತು.

ನಾನು ಓದುತ್ತಿದ್ದದ್ದು ಹೆಚ್ಚಾಗಿ ಹರಿಹರ–ದಾವಣಗೆರೆ ಬಸ್ಸಿನಲ್ಲಿ. ಅರ್ಧ ಗಂಟೆ ದಾರಿ. ದೊಡ್ಡಬಾತಿಯಲ್ಲಿ ಹತ್ತುತ್ತಿದ್ದ ಯಜಮಾನರೊಬ್ಬರು ನನ್ನ ತೊಡೆಯ ಮೇಲಿನ ಪುಸ್ತಕ ನೋಡಿ, ‘ಮಗಂದೇನ್ರಿ?’ ಎಂದು ಕೇಳಿದರು. ನನಗಿರುವುದು ಒಬ್ಬಳೇ ಮಗಳು, ಆಗ ಆರನೇ ಕ್ಲಾಸು. ಆದರೂ ನಾಲಗೆ ತಾನಾಗಿಯೇ ‘ಹೌದ್ರಿ’ ಎಂದಿತು. ಅಂದಿನಿಂದ ಇಲ್ಲದ ಮಗನೊಬ್ಬನನ್ನು ಸಾಕುವ ಹೊಣೆ ನನ್ನ ಮೇಲೆ ಬಿತ್ತು. ಪ್ರತಿ ಫಲಿತಾಂಶದ ನಂತರವೂ ಅವರು ತಪ್ಪದೆ ವಿಚಾರಿಸುವರು. ‘ಮಗ ಪಾಸಾದ್ನಾ?’ ‘ಇಲ್ರೀ, ಅದೊಂದು ಸಬ್ಜೆಕ್ಟ್ ಉಳೀತು.’ ‘ದಡ್ಡ ಅದಾನೇನು?’ ‘ಸ್ವಲ್ಪ.’ ‘ಹೆಚ್ಚು ಮುದ್ದು ಮಾಡೀರಿ ಅನ್ಸುತ್ತೆ. ತಂದೆ ಅನ್ನಿಸ್ಕಂಡೋರು ಮುಂದೆ ಕೂತು ಓದ್ಸ್‌ಬೇಕ್ರಿ, ಹಂಗೇ ಬಿಟ್ರೆ ಕೆಟ್ಟು ಹೋಗ್ತಾರೆ.’ ಮೂರನೇ ಸಲ ಫೇಲಾದಾಗಂತೂ ಅವರು ನನ್ನ ಮೊಣಕಾಲು ತಟ್ಟಿ, ‘ಅಂವಂಗೆ ಬ್ಯಾರೆ ಏನಾರ ಕಸುಬು ಹಚ್ರಿ. ಫಿಟ್ಟರ್ ಕೆಲ್ಸಕ್ಕೆ ಹಾಕ್ರಿ, ತಲೆ ಇಲ್ದಿದ್ರೂ ನಡೀತೈತೆ’ ಎಂದರು. ನಾನು ಕಿಟಕಿಯ ಹೊರಗೆ ನೋಡುತ್ತಾ, ವಿಚಾರ ಮಾಡುತ್ತೇನೆ ಎಂದೆ.

ನಾಲ್ಕನೇ ಸಲ ಹೊಸ ಬ್ಯಾಚಿನವರ ಜೊತೆ ಮತ್ತೆ ಮೊದಲಿನಿಂದ ಕೂತೆ. ಪರೀಕ್ಷೆಗೆ ಬಿಡಬೇಕಾದರೆ ಅಸೈನ್‌ಮೆಂಟ್ ಪುಸ್ತಕಕ್ಕೆ ಮೇಡಂ ಸಹಿ ಬೀಳಬೇಕು. ನಾನು ಬರೆದು ಕೊಡುವುದು, ಅವರು ನಾಲ್ಕೈದು ಕಡೆ ಕೆಂಪು ಗೆರೆ ಎಳೆದು, ‘ಇನ್ನೊಂದ್ ಸಲ ನೋಡ್ರಿ ಸರ್’ ಎಂದು ವಾಪಸು ಕೊಡುವುದು ಶುರುವಾಯಿತು. ಎರಡನೇ ಸಲ, ಮೂರನೇ ಸಲ, ನಾಲ್ಕನೇ ಸಲ. ಐದನೇ ಸಲ ಪುಸ್ತಕ ವಾಪಸು ಬಂದಾಗ ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಎನ್ನಿಸಿತು. ‘ಇನ್ನೊಂದ್ ಸಲ ನೋಡ್ರಿ’ ಎನ್ನುವುದು ವರ್ಕ್‌ಶಾಪಿನಲ್ಲಿ ನನ್ನದೇ ಮಾತು. ಆ ಮಾತಿನ ಹಿಂದೆ ಒಂದು ಹಳೇ ಕತೆ ಇದೆ. ಹೆಂಡತಿಗೂ ಹೇಳದ ಕತೆಯನ್ನು ನಿಮಗೆ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ.

ನಮ್ಮಲ್ಲಿ ಹುಡುಗರು ಉಜ್ಜಿದ ತುಂಡನ್ನು ಪರೀಕ್ಷೆ ಮಾಡುವ ಕ್ರಮ ಹೀಗೆ. ತುಂಡಿನ ಮೂಲೆಗೆ ಎಲ್ ಆಕಾರದ ಉಕ್ಕಿನ ಮೂಲೆಮಟ್ಟ ಒತ್ತಿ ಹಿಡಿದು, ಕಿಟಕಿಗೆ ಎದುರಾಗಿ ಎತ್ತಿ, ಸಂದಿಯಿಂದ ಬೆಳಕು ತೂರುತ್ತದೆಯೋ ಎಂದು ನೋಡಬೇಕು. ಬೆಳಕು ಬಂದರೆ ಮೂಲೆ ಸೊಟ್ಟ, ವಾಪಸು ಹೋಗಿ ಉಜ್ಜಬೇಕು. ಬರದಿದ್ದರೆ ಪಾಸು. ಫರ್ಹಾನಾ ಆ ವರ್ಷ ತನ್ನ ತುಂಡನ್ನು ಆರು ಸಲ ತಂದಳು. ಆರು ಸಲವೂ ನಾನು ಎತ್ತಿ ನೋಡಿ, ‘ಬೆಳಕು ಬರ್ತೈತೆ ನೋಡಮ್ಮ, ಇನ್ನೊಂದ್ ಸಲ ನೋಡು’ ಎಂದು ವಾಪಸು ಕಳಿಸಿದೆ. ಅಂಗೈಯಲ್ಲಿ ಬೊಕ್ಕೆ ಎದ್ದಿದ್ದವು, ಆದರೂ ಹುಡುಗಿ ಪ್ರತಿ ಸಲವೂ ಹೋಗಿ ಮತ್ತೆ ಅರ ಹಿಡಿದಳು. ಏಳನೇ ಸಲ ಬೆಳಕು ಬರಲಿಲ್ಲ. ಪುಸ್ತಕದಲ್ಲಿ ‘ಗುಡ್’ ಎಂದು ಬರೆದು ಹತ್ತಕ್ಕೆ ಒಂಬತ್ತು ಕೊಟ್ಟೆ. ವಾರದ ನಂತರ ಯಾವುದೋ ಕೆಲಸಕ್ಕೆಂದು ಅಂಗಡಿಯಿಂದ ತಂದ, ಯಂತ್ರದಲ್ಲೇ ಮೂಲೆ ತೆಗೆದ ಹೊಸ ತುಂಡಿಗೆ ಅದೇ ಮೂಲೆಮಟ್ಟ ಹಿಡಿದರೆ ಅಲ್ಲೂ ಬೆಳಕು. ಇನ್ನೊಂದಕ್ಕೆ ಹಿಡಿದರೆ ಅಲ್ಲೂ ಬೆಳಕು. ಆಗ ನೆನಪಾಯಿತು. ಫರ್ಹಾನಾಳ ಬ್ಯಾಚು ಬರುವ ಹಿಂದಿನ ದಿನ ಆ ಮೂಲೆಮಟ್ಟ ನನ್ನ ಕೈಜಾರಿ ಬೆಂಚಿನಿಂದ ನೆಲಕ್ಕೆ ಬಿದ್ದಿತ್ತು. ಒರೆಸಿ ಮೇಲಿಟ್ಟಿದ್ದೆ. ಅಂದರೆ ಹುಡುಗಿಯ ತುಂಡು ಯಾವಾಗಲೋ ಸರಿಯಾಗಿತ್ತು, ಸೊಟ್ಟಗಿದ್ದದ್ದು ನನ್ನ ಮೂಲೆಮಟ್ಟ. ಏಳನೇ ಸಲ ಅದನ್ನೂ ನನ್ನ ಮಟ್ಟಕ್ಕೆ ಸರಿಯಾಗಿ ಸೊಟ್ಟ ಮಾಡಿಕೊಂಡು ತಂದಾಗ ನಾನು ಗುಡ್ ಎಂದಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೆ ಇನ್‌ಸ್ಟ್ರಕ್ಟರ್ ತಪ್ಪು ಒಪ್ಪಿಕೊಂಡರೆ ಹುಡುಗರು ತಲೆ ಮೇಲೆ ಕೂರುತ್ತಾರೆಂಬ ಭಯ. ಮೂಲೆಮಟ್ಟವನ್ನು ಕಪಾಟಿನ ತಳಕ್ಕೆ ತಳ್ಳಿ, ಹೊಸದೊಂದು ತರಿಸಿ, ಸುಮ್ಮನಾದೆ.

ಈಗ ಐದನೇ ಸಲ ಪುಸ್ತಕ ವಾಪಸು ಬಂದಾಗ, ಇವರಿಗೆ ಆ ವಿಷಯ ಗೊತ್ತಿರಬಹುದೇ, ಏಳು ತುಂಬಿಸಲು ಇನ್ನೆರಡು ಸಲ ಬಾಕಿ ಇಟ್ಟುಕೊಂಡಿದ್ದಾರೆಯೇ ಎಂಬ ಅನುಮಾನ ಶುರುವಾಯಿತು. ಕೇಳುವ ಹಾಗಿಲ್ಲ. ಹೇಳೋಣವೆಂದರೆ, ಪರೀಕ್ಷೆಗೆ ಮೊದಲು ಹೇಳಿದರೆ ಪಾಸಿಗಾಗಿ ಕಾಲು ಹಿಡಿದ ಹಾಗಾಗುತ್ತದೆ, ಅವರಿಗೆ ಸಿಟ್ಟು ಬಂದರೆ ಬರಬೇಕಾದ ಸಹಿಯೂ ಹೋಗುತ್ತದೆ. ನನ್ನಂಥ ಹೇಡಿಗಳಿಗೆ ಕಾರಣಗಳು ಯಾವತ್ತೂ ಜೋಡಿಯಾಗಿಯೇ ಸಿಗುತ್ತವೆ. ತೆಪ್ಪಗೆ ಪುಸ್ತಕ ತಗೊಂಡು ಮನೆಗೆ ಬಂದೆ.

ಮರುದಿನ ಭಾನುವಾರ. ಗಿರಿಜಾ ನೀರಿನ ಮೋಟರ್ ಹಾಕಿ, ‘ಟ್ಯಾಂಕ್ ತುಂಬೋದು ಎಷ್ಟೊತ್ತಿಗೆ ಅಂತ ಲೆಕ್ಕ ಹಾಕಿ ಬಂದ್ ಮಾಡ್ರೀ, ಕೆಳಗೆ ಪಕ್ಕದ್ಮನೆಯೋರು ಸಂಡಿಗೆ ಹಾಕ್ಯಾರೆ’ ಎಂದಳು. ನಮ್ಮ ಟ್ಯಾಂಕು ಸಾವಿರ ಲೀಟರಿನದು. ತುಂಬಿ ಹರಿದರೆ ನೀರು ಪಕ್ಕದ ಮನೆಯವರ ಅಂಗಳಕ್ಕೇ ಬೀಳುತ್ತದೆ. ಇಂಥ ಅವಕಾಶಕ್ಕೇ ಕಾಯುತ್ತಿದ್ದ ನಾನು ಬಕೆಟ್ಟು, ಗಡಿಯಾರ ತಗೊಂಡು ಮೇಲೆ ಹತ್ತಿದೆ. ಹದಿನೈದು ಲೀಟರಿನ ಬಕೆಟ್ಟು ಅರ್ಧ ನಿಮಿಷಕ್ಕೆ ತುಂಬಿತು. ಅಂದರೆ ನಿಮಿಷಕ್ಕೆ ಮೂವತ್ತು ಲೀಟರು. ಕೆಳಗಿಳಿದು ಬಂದು ಚಾಪೆ ಮೇಲೆ ಕೂತು, ನೀರು ಏರುವ ವೇಗವನ್ನು ಶಾಸ್ತ್ರೋಕ್ತವಾಗಿ ಇಂಟಿಗ್ರೇಟ್ ಮಾಡಿ, ಸಾವಿರಕ್ಕೆ ಸಮ ಮಾಡಿ, ಮೂವತ್ತಮೂರು ನಿಮಿಷ ಎಂದು ಉತ್ತರ ತೆಗೆದೆ. ಅಲವೆನ್ಸ್ ಹಾಕುವುದನ್ನು ಈಗ ಬಿಟ್ಟಿದ್ದೆ, ಆದ್ದರಿಂದ ಪ್ಲಸ್ ಏನನ್ನೂ ಬರೆಯಲಿಲ್ಲ. ಗಿರಿಜಾಗೆ ‘ಮೂವತ್ತಮೂರು ನಿಮಿಷ, ಒಂದು ಸೆಕೆಂಡ್ ಆಚೀಚೆ ಆಗಂಗಿಲ್ಲ’ ಎಂದು ಹೇಳಿ, ಕಾಫಿ ತರಿಸಿಕೊಂಡು ಕುಡಿಯುತ್ತಾ ಕೂತೆ.

ಇಪ್ಪತ್ತನೇ ನಿಮಿಷಕ್ಕೆ ಪಕ್ಕದ ಮನೆಯಿಂದ ಕೂಗು ಎದ್ದಿತು. ಗಿರಿಜಾ ಓಡಿ ಹೋಗಿ ಮೋಟರ್ ಬಂದ್ ಮಾಡಿದಳು. ನಾನು ಗಡಿಯಾರ ಹಿಡಿದುಕೊಂಡು, ‘ಇನ್ನೂ ಹದಿಮೂರು ನಿಮಿಷ ಐತಲ್ಲ, ಹೆಂಗೆ ಸಾಧ್ಯ?’ ಎನ್ನುತ್ತಾ ಹೊರಗೆ ಬಂದೆ. ಪಕ್ಕದ ಮನೆಯ ಅಕ್ಕ ತೊಯ್ದ ಸಂಡಿಗೆಯ ಸೀರೆಯನ್ನು ಎತ್ತಿ ನನ್ನ ಕಡೆ ಹಿಡಿದು ತೋರಿಸುತ್ತಿದ್ದರು. ಗಿರಿಜಾ ಮುಖ ಕೆಂಪಗೆ ಮಾಡಿಕೊಂಡು, ‘ಲೆಕ್ಕ ಏನ್ ಹಾಕಿದ್ರೀ?’ ಎಂದಳು. ನಿಮಿಷಕ್ಕೆ ಮೂವತ್ತು ಲೀಟರಿನ ಹಾಗೆ ಸಾವಿರ ಲೀಟರಿಗೆ ಎಷ್ಟು ಎಂದು ವಿವರಿಸಿದೆ. ‘ಅಲ್ರೀ, ಟ್ಯಾಂಕ್‌ನಾಗೆ ಮೊದ್ಲೇ ನಾಕ್ನೂರು ಲೀಟರ್ ನೀರಿತ್ತಲ್ರೀ! ಖಾಲಿ ಟ್ಯಾಂಕ್ ಅಂದ್ಕಂಡ್ರಾ? ಬೆಳಿಗ್ಗೆ ಸ್ನಾನ ಹೆಂಗೆ ಮಾಡಿದ್ರಿ ಮತ್ತೆ?’ ಎಂದಳು.

ನಾನು ಗಡಿಯಾರ ಕೆಳಗಿಟ್ಟೆ. ನಿಮಿಷಕ್ಕೆ ಎಷ್ಟು ಏರುತ್ತದೆಂಬುದು ಗೊತ್ತಿದ್ದರೆ, ಎಷ್ಟು ಏರಿತು ಎಂದು ಹೇಳಬಹುದು. ಈಗ ಎಷ್ಟಿದೆ ಎಂದು ಹೇಳಬೇಕಾದರೆ, ನಾನು ಲೆಕ್ಕ ಶುರು ಮಾಡುವ ಮೊದಲೇ ಅಲ್ಲಿ ಎಷ್ಟಿತ್ತು ಎಂಬುದು ಗೊತ್ತಿರಬೇಕು. ಅದನ್ನು ಯಾವ ಇಂಟಿಗ್ರೇಷನ್ನೂ ಹೇಳುವುದಿಲ್ಲ, ಮೇಲೆ ಹತ್ತಿ ಮುಚ್ಚಳ ತೆಗೆದು ನೋಡಿಯೇ ಬರಬೇಕು. ಮೂರು ವರ್ಷ, ಮೂರು ಪರೀಕ್ಷೆ, ಒಂದು ಸೀರೆ ತುಂಬ ಸಂಡಿಗೆ ಖರ್ಚಾದ ಮೇಲೆ ವಿಷಯ ತಲೆಗೆ ಇಳಿದಿತ್ತು. ‘ಗಿರಿಜಾ, ನಾಕ್ನೂರು ಅಂದ್ರೆ ಸಿ ಕಣೇ! ಅದೇ ಸಿ!’ ಎಂದು ಅವಳ ಎರಡೂ ಕೈ ಹಿಡಿದುಕೊಂಡು ಅಂಗಳದಲ್ಲೇ ಕುಣಿದೆ. ಅವಳು ಕೈ ಬಿಡಿಸಿಕೊಂಡು ಪಕ್ಕದ ಮನೆಯ ಅಕ್ಕನ ಕಡೆ ತಿರುಗಿ, ‘ಬ್ಯಾಸರ ಮಾಡ್ಕಬ್ಯಾಡ್ರಿ ಅಕ್ಕ, ಪರೀಕ್ಷೆ ಹತ್ರ ಬಂದೈತೆ’ ಎಂದಳು. ಅಕ್ಕನ ಸಿಟ್ಟು ಅಷ್ಟರಲ್ಲೇ ಅನುಕಂಪವಾಗಿತ್ತು.

ಸೋಮವಾರ ಮೇಡಂಗೆ ಟ್ಯಾಂಕಿನ ಕತೆ ಹೇಳಿದೆ. ಈ ಸಲ ಅವರು ಹಲಗೆಯ ಕಡೆ ತಿರುಗದೆ ನನ್ನ ಮುಂದೆಯೇ ನಕ್ಕರು. ಆಮೇಲೆ, ‘ಹಂಗಾದ್ರೆ ಎಲ್ಲಿಂದ ಎಲ್ಲಿತನಕ ಅಂತ ಮೇಲೆ ಕೆಳಗೆ ಮಿತಿ ಕೊಟ್ಟ ಲೆಕ್ಕದಾಗೆ ಈ ಸಿ ಯಾಕ ಬರಂಗಿಲ್ಲ, ಹೇಳ್ರಿ ಸರ್’ ಎಂದರು. ನನಗೆ ವರ್ಕ್‌ಶಾಪು ನೆನಪಾಯಿತು. ನಮ್ಮಲ್ಲಿ ಒಂದು ಹಳೇ ವರ್ನಿಯರ್ ಇದೆ. ಅದು ಯಾವುದನ್ನು ಅಳೆದರೂ ಒಂದಿಷ್ಟು ಹೆಚ್ಚಿಗೆ ತೋರಿಸುತ್ತದೆ. ಆದರೆ ಉಜ್ಜುವ ಮೊದಲೊಮ್ಮೆ, ಉಜ್ಜಿದ ಮೇಲೊಮ್ಮೆ ಅದರಲ್ಲೇ ಅಳೆದು ಒಂದರಲ್ಲಿ ಒಂದನ್ನು ಕಳೆದರೆ, ಎಷ್ಟು ಉಜ್ಜಿದೆವು ಎಂಬುದು ಸರಿಯಾಗಿಯೇ ಬರುತ್ತದೆ. ಎರಡರಲ್ಲೂ ಅದೇ ತಪ್ಪು ಇರುವುದರಿಂದ ಕಳೆದಾಗ ಹೋಗುತ್ತದೆ. ಹಾಗೇ ಹೇಳಿದೆ. ಮೇಡಂ ಬ್ಯಾಗಿನಿಂದ ಪೆನ್ನು ತೆಗೆದು, ಪುಸ್ತಕ ಬಿಡಿಸದೆಯೇ ಕೇಳಿದರು: ‘ಕೆಂಪು ಗೆರೆ ಎಳೆದಿದ್ದು ಎಲ್ಲಾ ತಿದ್ದಿ ಬರ್ತೀರಾ?’ ‘ಬರ್ತೀನಿ ಮೇಡಂ.’ ತಿದ್ದಿಕೊಂಡು ಹೋದ ಆರನೇ ಸಲಕ್ಕೆ ಸಹಿ ಬಿತ್ತು. ಏಳು ಆಗಲಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಂಡೆ.

ಪರೀಕ್ಷೆಯ ದಿನ ನೋಡಿದರೆ, ಈ ಸಲ ಸಂಜೆಯವರನ್ನು ಬೇರೆ ಕೂರಿಸದೆ ಹಗಲಿನವರ ಕೊಠಡಿಗೇ ಹಾಕಿದ್ದರು, ನನ್ನ ಮುಂದೆ, ಹಿಂದೆ, ಅಕ್ಕಪಕ್ಕ ಎಲ್ಲ ನನ್ನ ವರ್ಕ್‌ಶಾಪಿನ ಹುಡುಗರೇ. ನಾನು ಈ ಪರೀಕ್ಷೆ ಬರೆಯುತ್ತಿರುವುದು ಮೂರು ವರ್ಷದಿಂದ ಹುಡುಗರಿಗೆ ತಿಳಿಯದಂತೆ ಮುಚ್ಚಿಟ್ಟಿದ್ದ ಗುಟ್ಟು. ಬಾಗಿಲಲ್ಲಿ ಹಿಂಜರಿಯುತ್ತಾ ನಿಂತಿದ್ದರೆ ಒಬ್ಬ ಹುಡುಗಿ, ‘ಸರ್, ನಿಮ್ಮ ನಂಬರ್ ಮೂರನೇ ಸಾಲು, ಕಿಟಕಿ ಪಕ್ಕ. ಹೋದ್ ಸಲ ನಿಮಗೆ ಫ್ಯಾನ್ ಇರ್ಲಿಲ್ಲ ಅಂತ ಸೀನಿಯರ್ಸ್ ಹೇಳಿದ್ರು, ಈ ಸಲ ಹೇಳಿ ಹಾಕ್ಸೀವಿ’ ಎಂದಳು. ನೋಟಿಸ್ ಬೋರ್ಡಿನಲ್ಲಿ ಎಲ್ಲರ ಹೆಸರೂ ಹಾಕುತ್ತಾರೆಂಬುದು ನನಗೆ ಮೂರು ವರ್ಷ ಹೊಳೆದಿರಲಿಲ್ಲ. ಕೂತು ಪ್ರಶ್ನೆಪತ್ರಿಕೆ ಬಿಡಿಸಿದೆ. ಕಾದ ಕಬ್ಬಿಣದ ತುಂಡೊಂದು ಆರುವ ಲೆಕ್ಕ. ಮೊದಲು ಅದು ಎಷ್ಟು ಕಾದಿತ್ತೆಂದು ಕೊಟ್ಟು, ಇಷ್ಟು ಹೊತ್ತಾದ ಮೇಲೆ ಎಷ್ಟು ಬಿಸಿ ಇರುತ್ತದೆಂದು ಕೇಳಿದ್ದರು. ಕಾದ ಕಬ್ಬಿಣ ನನಗೆ ಹಳೇ ಗೆಳೆಯ. ಸಿ ಎಷ್ಟೆಂದು ಮೊದಲು ಹುಡುಕಿ, ಮುಚ್ಚಳ ತೆಗೆದು ನೋಡಿದ ಹಾಗೆ ನೋಡಿಕೊಂಡು, ಆಮೇಲೆ ಮುಂದಕ್ಕೆ ಹೋದೆ.

ನಲವತ್ತನಾಲ್ಕು ಬಂತು. ಗಿರಿಜಾ ಪಕ್ಕದ ಮನೆಯ ಅಕ್ಕನಿಗೆ ಮೊದಲು ಹೇಳಿ, ಆಮೇಲೆ ಕೊಕ್ಕನೂರಿಗೆ ಫೋನ್ ಮಾಡಿದಳು. ಕೊಕ್ಕನೂರಿನವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಬಸ್ಸಿನಲ್ಲಿ ಯಜಮಾನರಿಗೆ ‘ಮಗ ಪಾಸಾದ್ರಿ’ ಎಂದೆ. ಅವರಿಗೆ ಕಣ್ಣಲ್ಲಿ ನೀರೇ ಬಂತು. ‘ನೋಡ್ರಿ, ನೀವು ಕೈ ಬಿಡ್ಲಿಲ್ಲ. ಇನ್ನು ತಡ ಮಾಡ್ಬ್ಯಾಡ್ರಿ, ನಮ್ಮ ಸಂಬಂಧದಾಗೆ ಒಂದು ಹುಡುಗಿ ಐತೆ’ ಎಂದರು. ಹುಡುಗನಿಗೆ ಆಗಲೇ ಹೆಣ್ಣು ಗೊತ್ತಾಗಿದೆ ಎಂದು ಹೇಳಿ ಒಂದು ಸ್ಟಾಪು ಮುಂಚೆಯೇ ಇಳಿದುಕೊಂಡೆ. ಜೂನಿನಲ್ಲಿ ಫೋರ್‌ಮನ್ ಆದೇಶ ಕೈಗೆ ಬಂತು. ಕೈಯಿರುವ ಕುರ್ಚಿಯಲ್ಲಿ ಕೂತೆ. ಫ್ಯಾನ್ ತಿರುಗಿತು. ಗಾಜಿನ ಕಿಟಕಿಯಿಂದ ಒಳ್ಳೆ ಬೆಳಕು ಬರುತ್ತಿತ್ತು. ಆದರೆ ಕೂತದ್ದು ಹಿತವಾಗಲಿಲ್ಲ. ಇನ್ನು ಹೇಳದೇ ಇರುವುದಕ್ಕೆ ಒಂದೂ ಕಾರಣ ಉಳಿದಿರಲಿಲ್ಲ.

ಮೈಸೂರು ಪಾಕಿನ ಡಬ್ಬಿ ಹಿಡಿದುಕೊಂಡು ಮೇಡಂ ಕೋಣೆಗೆ ಹೋದೆ. ‘ಅಭಿನಂದನೆ ಸರ್, ಕೂಡ್ರಿ’ ಎಂದರು. ನಾನು ನಿಂತುಕೊಂಡೇ ಮೂಲೆಮಟ್ಟ ಬಿದ್ದದ್ದು, ಬೆಳಕು ಬಂದದ್ದು, ತಪ್ಪು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ‘ನಿಮ್ಮ ಕೈಯಾಗೆ ಬೊಕ್ಕೆ ಎದ್ದಿದ್ದು ನಾನು ನೋಡಿದ್ದೆ ಮೇಡಂ. ನಂದು ತಪ್ಪಾತು’ ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಮೇಡಂ ಡಬ್ಬಿಯ ಮುಚ್ಚಳ ತೆಗೆದು ಒಂದು ತುಂಡು ತಾವು ತಗೊಂಡು, ಒಂದು ನನ್ನ ಕೈಗೆ ಕೊಟ್ಟರು.

‘ಗೊತ್ತಿತ್ತು ಸರ್. ಆ ತುಂಡು ಮನೆಗೆ ತಗಂಡು ಹೋಗ್ಲಾ ಅಂತ ನಿಮ್ಮನ್ನೇ ಕೇಳಿದ್ದೆ, ನೆನಪಿಲ್ಲೇನು? ಅಬ್ಬಾಗೆ ತೋರ್ಸಿದೆ. ಅವ್ರು ತಗಡಿನ ಕೆಲ್ಸದ ಮೂಲೆಮಟ್ಟ ಇಟ್ಟು ನೋಡಿ, ಬೇಟಿ, ಇದು ಸೊಟ್ಟ ಐತೆ ಅಂದ್ರು. ಒಂಬತ್ತು ಮಾರ್ಕ್ಸ್ ಕೊಟ್ಟಾರೆ ಅಂತ ಹೇಳಿದೆ. ಹಂಗಾದ್ರೆ ನಿಮ್ಮ ಮೇಷ್ಟ್ರು ಮೂಲೆಮಟ್ಟ ಎಲ್ಲೋ ಬೀಳ್ಸ್ಯಾರೆ ಅಂದು ನಕ್ರು.’

‘ನಂಗ್ಯಾಕ ಹೇಳ್ಲಿಲ್ಲ ಮೇಡಂ?’

‘ನಿಮಗೆ ಹೆಂಗೆ ಹೇಳ್ಲಿ ಸರ್? ಎಲ್ರೂ ನಿಮ್ಮನ್ನ ಕಂಡ್ರೆ ನಡುಗ್ತಿದ್ವಿ. ಆದ್ರೆ ಅವತ್ತೇ ಒಂದು ನಿರ್ಧಾರ ಮಾಡ್ದೆ. ಸರಿ ಇದ್ದಾಗ ವಾಪಸ್ ಬಂತು, ಸೊಟ್ಟ ಆದ್ಮೇಲೆ ಗುಡ್ ಬಂತು. ಇಂಟಿಗ್ರೇಷನ್‌ನಾಗೆ ಹಂಗಿಲ್ಲ ನೋಡ್ರಿ, ಬಂದ ಉತ್ತರನ ತಿರುಗಿ ಡಿಫರೆನ್ಸಿಯೇಟ್ ಮಾಡಿದ್ರೆ ಸರಿನೋ ತಪ್ಪೋ ನಾನೇ ತಿಳ್ಕಬಹುದು. ಯಾರ ಕೈ ಕಾಯೋದೂ ಬ್ಯಾಡ. ಆ ವರ್ಷ ಮುಗಿಸಿ ಬಿ.ಎಸ್ಸಿ. ಸೇರಿದೆ’ ಎಂದರು. ಅವರ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ‘ನಂಗೆ ಒಳ್ಳೇದೇ ಆತಲ್ಲ ಸರ್, ತಗಳ್ರಿ, ಇನ್ನೊಂದು ತಿನ್ರಿ’ ಎಂದರು.

ಎರಡನೇ ತುಂಡು ಬಾಯಲ್ಲಿಟ್ಟುಕೊಂಡು ವರ್ಕ್‌ಶಾಪಿನ ಕಡೆ ನಡೆಯುವಾಗ ನನಗೆ ಪೂರ್ತಿ ಲೆಕ್ಕ ಬಿಡಿಸಿದ ಹಾಗಾಯಿತು. ನಾನು ಮೂಲೆಮಟ್ಟ ಬೀಳಿಸದೆ ಇದ್ದಿದ್ದರೆ ಆ ಹುಡುಗಿ ಇಂಜಿನಿಯರಾಗಿ ಎಲ್ಲೋ ಕಾರ್ಖಾನೆಯಲ್ಲಿರುತ್ತಿದ್ದಳು. ನನಗೆ ಯಾರೋ ಮೆತ್ತಗಿನ ಮೇಷ್ಟ್ರು ಸಿಗುತ್ತಿದ್ದರು, ನನ್ನ ಪ್ಲಸ್ ಒಂದನ್ನು ಕಂಡೂ ಕಾಣದ ಹಾಗೆ ಮಾರ್ಕು ಹಾಕುತ್ತಿದ್ದರು, ನಾನು ಮೊದಲ ಸಲವೇ ಪಾಸಾಗಿ, ಏನೂ ತಿಳಿಯದೆಯೇ ಈ ಕುರ್ಚಿಯಲ್ಲಿ ಕೂರುತ್ತಿದ್ದೆ. ಮೂರು ಸಲ ನನ್ನನ್ನು ಫೇಲು ಮಾಡಿದ್ದು ಗಣಿತವೂ ಅಲ್ಲ, ಮೇಡಂ ಕೂಡ ಅಲ್ಲ, ನನ್ನದೇ ಆ ಸೊಟ್ಟ ಮೂಲೆಮಟ್ಟ. ಈಗ ಹೊಸ ಹುಡುಗರು ಕ್ಯಾಬಿನ್ನಿಗೆ ಬಂದು, ‘ಮ್ಯಾಥ್ಸ್ ಮೇಡಂ ಭಾಳ ಚೆನ್ನಾಗಿ ಹೇಳ್ಕೊಡ್ತಾರೆ ಸರ್’ ಎಂದಾಗ ನಾನು ಕುರ್ಚಿಗೆ ಒರಗಿ, ‘ಗೊತ್ತಪ್ಪ, ಅವ್ರನ್ನ ಗಣಿತದ ದಾರಿಗೆ ಹಚ್ಚಿದೋನೇ ನಾನು’ ಎನ್ನುತ್ತೇನೆ. ಹುಡುಗರು ಬಹಳ ಗೌರವದಿಂದ ನನ್ನನ್ನು ನೋಡುತ್ತಾರೆ. ಹೆಂಗೆ ಹಚ್ಚಿದ್ರಿ ಎಂದು ಇದುವರೆಗೆ ಯಾರೂ ಕೇಳಿಲ್ಲ.